ಫಿರ್ದೋಸಳ ಓಡುವ ಕೈ

ಪರ್ವರಿಯ ಆ ಸಾಲುಮನೆಗಳಲ್ಲಿ ಯಾರ ಮನೆಯಲ್ಲಿ ಮದುವೆಯ ಹಳದಿ ಶಾಸ್ತ್ರವಿದ್ದರೂ ಮೊದಲು ಕರೆ ಹೋಗುತ್ತಿದ್ದುದು ಫಿರ್ದೋಸಳಿಗೆ. ಅಡುಗೆಯವರಿಗೆ ಹೇಳುವುದು ಆಮೇಲೆ. ಸಿಂದಗಿ ಕಡೆಯಿಂದ ಗಂಡ ಉಸ್ಮಾನನ ಜೊತೆ ಗೋವಾಕ್ಕೆ ಬಂದವಳು. ಅವನು ಟೆಂಪೊ ಓಡಿಸುತ್ತಾನೆ, ಇವಳು ಹೆದ್ದಾರಿಯಾಚೆಯ ಫ್ಲ್ಯಾಟುಗಳಲ್ಲಿ ನೆಲ ಒರೆಸಿ ಪಾತ್ರೆ ತೊಳೆಯುತ್ತಾಳೆ. ಅಲ್ಲಿ ಇವಳ ಹೆಸರು ಯಾರಿಗೂ ಬೇಕಾಗಿಲ್ಲ, ಕೆಲಸದವರನ್ನೆಲ್ಲ ಕರೆಯುವಂತೆ ಬರೀ ‘ಬಾಯಿ’. ತಾಯಿಯಿಂದ ಬಂದ ಢೋಲಕ್ಕನ್ನು ಮೊಣಕಾಲಡಿ ಒತ್ತಿಕೊಂಡು ಕೂತಾಗ ಮಾತ್ರ ಎಲ್ಲರೂ ಫಿರ್ದೋಸ, ಫಿರ್ದೋಸ ಎನ್ನುತ್ತಿದ್ದರು.

ಹೆಂಗಸರ ನಡುವೆ ಢೋಲಕ್ ಬಾರಿಸುವ ರೀತಿಯೇ ಬೇರೆ. ಚಾಪೆಯ ಮೇಲೆ ಒಬ್ಬರಿಗೊಬ್ಬರು ತಾಗಿಕೊಂಡು ಸುತ್ತ ಕೂತಿರುತ್ತಾರೆ. ಬಾರಿಸುವವಳು ನಡುವೆ. ಎದುರಿಗೆ ಇನ್ನೊಬ್ಬಳು ಕುಳಿತು ಢೋಲಕ್ಕಿನ ಕಟ್ಟಿಗೆಯ ಮೈಗೆ ಚಮಚದಿಂದ ಟಕ್ ಟಕ್ ಎಂದು ಕುಟ್ಟುತ್ತಾಳೆ. ಉಳಿದವರದು ಚಪ್ಪಾಳೆ. ಇಲ್ಲಿ ಚಮಚ ಹಿಡಿಯುತ್ತಿದ್ದವಳು ಉಸ್ಮಾನನ ಅಕ್ಕ ಅಖ್ತರಬಾನು. ಬೀಗರನ್ನು ಹಾಡಿನಲ್ಲೇ ಬೈದು, ಬೈಸಿಕೊಂಡವರನ್ನೂ ನಗಿಸುವುದರಲ್ಲಿ ಅವಳ ಬಾಯಿಗೆ ಜೋಡಿಯಿರಲಿಲ್ಲ.

ಮಾಪ್ಸಾದ ಕನ್ನಡ ಮಹಿಳಾ ಸಂಘಕ್ಕೆ ಓಡಾಡುವ ಮಲ್ಲಿಕಾ ಒಂದು ಮದುವೆಯಲ್ಲಿ ಇವರ ಹಾಡು ಕೇಳಿದಳು. ಧಾರವಾಡ ಕಡೆಯವಳು, ಬಟ್ಟೆ ಅಂಗಡಿಯವರ ಮನೆಯವಳು. ಸಂಘದ ವಾರ್ಷಿಕೋತ್ಸವಕ್ಕೆ ಬರಲೇಬೇಕು ಎಂದು ಹಟ ಹಿಡಿದಳು. ಹೋದರು. ವೇದಿಕೆಯ ಮೇಲೆ ಫಿರ್ದೋಸಳನ್ನು ಮೈಕಿನ ಮುಂದೆ ಒಬ್ಬಳನ್ನೇ ಕೂರಿಸಿ, ಹಾಡುವವರನ್ನು ದೂರದಲ್ಲಿ ಇನ್ನೊಂದು ಮೈಕಿಗೆ ನಿಲ್ಲಿಸಿದರು. ಚಮಚದ ಸದ್ದು ಕರ್ಕಶವಾಗಿ ಕೇಳುತ್ತದೆಂದು ಮೈಕಿನವನು ಅದನ್ನೂ ತೆಗೆಸಿದ. ಕೆಳಗೆ ಕುರ್ಚಿಗಳಲ್ಲಿದ್ದವರು ಕೈಕಟ್ಟಿ ಕೂತಿದ್ದರು.

ಹಾಡು ಶುರುವಾದದ್ದೇ ತಡ, ಫಿರ್ದೋಸಳ ಕೈ ಇಳಿಜಾರಿನಲ್ಲಿ ಬ್ರೇಕ್ ತಪ್ಪಿದ ಅದಿರಿನ ಲಾರಿಯಂತೆ ಓಡಿತು. ಹಾಡುವವರು ಹಿಂದೆ ಓಡಿ ಓಡಿ ಶಬ್ದಗಳನ್ನೇ ನುಂಗಿದರು. ಬೈದದ್ದು ಯಾರನ್ನು ಎಂದು ತಿಳಿಯುವ ಮೊದಲೇ ಹಾಡು ಮುಗಿದಿತ್ತು. ಕೆಳಗೆ ಯಾರೋ ನಕ್ಕರು. ಬಸ್ಸಿನಲ್ಲಿ ಅಖ್ತರಬಾನು, “ಏನಬೇ, ಬಸ್ ತಪ್ಪತೈತಂತ ಅಷ್ಟ ಗಡಿಬಿಡಿ ಮಾಡಿದೇನು?” ಎಂದಳು. ಉಳಿದವರು ನಕ್ಕರು, ಫಿರ್ದೋಸ ಕಿಟಕಿ ಕಡೆ ತಿರುಗಿದಳು.

ಮರುದಿನ ಢೋಲಕ್ ಅಟ್ಟ ಹತ್ತಿತು. ಯಾರು ಕರೆದರೂ ಮಣಿಕಟ್ಟು ನೋವು ಎನ್ನುತ್ತಿದ್ದಳು. ಸುಳ್ಳೂ ಅಲ್ಲ, ಒದ್ದೆ ಬಟ್ಟೆ ಹಿಂಡಿ ಹಿಂಡಿ ಕೈ ಬಾತಿರುತ್ತಿತ್ತು. ಆದರೆ ಢೋಲಕ್ ನೆನೆದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು ಎನ್ನುವುದನ್ನು ಅವಳು ಯಾರಿಗೂ ಹೇಳಲಿಲ್ಲ. ಹಳದಿಗಳು ಸ್ಟೀಲಿನ ತಾಟು ಬಡಿದುಕೊಂಡೇ ನಡೆದವು. ಹೀಗೇ ಬಿಟ್ಟರೆ ಇದ್ದೊಂದು ಹೆಸರೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುಂದಿನ ವಾರ್ಷಿಕೋತ್ಸವಕ್ಕೆ ಮಲ್ಲಿಕಾ ಮತ್ತೆ ಬಂದು ಕರೆದಾಗ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಹಿಂದಿನ ಓಣಿಯಲ್ಲಿ ದೇವಪ್ಪ ಇದ್ದ. ಮುರ್ಮುಗಾಂವ್ ಬಂದರಿನಲ್ಲಿ ಹಡಗಿಗೆ ಮಾಲು ತುಂಬುತ್ತಿದ್ದವನು, ಈಗ ಮಗಳ ಮನೆಯಲ್ಲಿದ್ದುಕೊಂಡು ಭಜನೆಗೆ ತಬಲಾ ಬಾರಿಸುತ್ತಾನೆ. ಉಸ್ಮಾನ ಹೋಗಿ ಹೆಂಡತಿಯ ವಿಷಯ ಅವನ ಕಿವಿಗೆ ಹಾಕಿದ. ದೇವಪ್ಪ ಬಂದು ಅಟ್ಟದಿಂದ ಢೋಲಕ್ ಇಳಿಸಲು ಹೇಳಿ, ಬಾರಿಸು ಎಂದ. ಅವನು ಚಪ್ಪಾಳೆ ಹಾಕುತ್ತಿರುವಷ್ಟು ಹೊತ್ತು ಎಲ್ಲ ಸರಿಯಿತ್ತು. ನಿಲ್ಲಿಸಿದ್ದೇ ಕೈ ಓಡಿತು.

“ಕೈ ಚಲೋ ಐತಿ ತಂಗಿ. ಆದ್ರ ಅದು ಮಂದಿ ಚಪ್ಪಾಳಿ ಹಿಂದ ಹೋಗೂ ಕೈ. ಚಪ್ಪಾಳಿ ಇಲ್ಲಂದ್ರ, ಎದಿ ಡವಡವ ಅಂತೈತಲ್ಲ, ಅದರ ಹಿಂದ ಓಡತೈತಿ.”

“ಹಂಗಾರ ನಾ ಯಾರ ಹಿಂದ ಹೋಗ್ಲಿ ಕಾಕಾ?”

“ನಿನ್ನ ಎಡಗೈ ಹಿಂದ.”

ಅಂದಿನಿಂದ ಬಲಗೈ ಮುಟ್ಟುವಂತಿರಲಿಲ್ಲ. ಎಡಗೈಯಿಂದ, ಉಸಿರು ಬಿಟ್ಟಾಗೊಮ್ಮೆ ಒಂದು ದಪ್ಪ ಪೆಟ್ಟು. ಇದು ಮದುವೆಯೋ ಮಣ್ಣು ಕೊಡುವುದೋ ಎಂದು ಉಸ್ಮಾನ ಹೊರಗಿನಿಂದ ಕೇಳುತ್ತಿದ್ದ. ನೆಲ ಒರೆಸಿ ಬಂದ ಕೂಡಲೇ ಕೂರಬೇಡ, ಕೈ ಬಿಸಿನೀರಿನಲ್ಲಿಡು, ಹೆಗಲು ಸಡಿಲ ಬಿಡು ಎಂದು ದೇವಪ್ಪ ಬೈದು ಬೈದು ಕಲಿಸಿದ. ಬಸ್ಸಿನಲ್ಲಿ ಕೂತಾಗಲೂ ಚೀಲದ ಮೇಲೆ ಅವಳ ಎಡಗೈ ಬೀಳುತ್ತಿತ್ತು. ನಿಧಾನಕ್ಕೆ ಬಲಗೈ ಸೇರಿಸಿದರು. ಮಣಿಕಟ್ಟಿನ ಬಾವು ಇಳಿಯಿತು. ಅಂಜಿಕೆ ಮಾತ್ರ ಹಾಗೇ ಇದೆ ಎಂದಳು.

“ನನಗ ಇನ್ನೂ ಬರತೈತಿ,” ಎಂದ ದೇವಪ್ಪ. “ಬಂದಾಗ ಏನ್ ಮಾಡಬೇಕಂತ ಗೊತ್ತೈತಿ, ಅಷ್ಟ.”

ಅವಳು ಮಲ್ಲಿಕಾಳಿಗೆ ಬರುತ್ತೇನೆಂದು ಹೇಳಿ ಕಳಿಸಿದಳು.

ವೇದಿಕೆ ಅದೇ, ಮೈಕೂ ಅದೇ. ಮೊದಲ ಎರಡು ನುಡಿ ಚೆನ್ನಾಗಿಯೇ ಹೋದವು. ಮೂರನೆಯದಕ್ಕೆ ಮೈಕು ಕಿರ್ರೆಂದಿತು. ಫಿರ್ದೋಸಳ ಎದೆ ಹಾರಿತು, ಬಲಗೈಯ ಬೆರಳುಗಳು ಅದರ ಹಿಂದೆ ಹೊರಟವು. ಅಖ್ತರಬಾನು ಹಾಡುತ್ತಲೇ ಕಣ್ಣರಳಿಸಿ ಇತ್ತ ನೋಡಿದಳು. ಫಿರ್ದೋಸ ಬಲಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಎಡಗೈ ಒಂದೇ ಉಳಿಯಿತು. ಘುಂ. ಘುಂ. ಹಾಡುವವರು ಒಂದು ಗಳಿಗೆ ತಡವರಿಸಿ, ಬೇರೆ ದಾರಿಯಿಲ್ಲದೆ ಅದರ ಜೊತೆ ನಡೆದರು. ಫಿರ್ದೋಸ ಉಸಿರು ಪೂರ್ತಿ ಬಿಟ್ಟಳು, ಹೆಗಲು ಇಳಿಸಿದಳು. ಆಮೇಲೆ ಬಲಗೈ ತಂದಳು. ಕೆಳಗಿನವರಿಗೆ ಹಾಡೇ ಹೀಗೆ ಅನ್ನಿಸಿರಬೇಕು, ಖುಷಿಯಾಗಿ ಚಪ್ಪಾಳೆ ಹಾಕತೊಡಗಿದರು. ಆ ಚಪ್ಪಾಳೆಯೂ ಸ್ವಲ್ಪದರಲ್ಲೇ ಮುಂದೆ ಓಡಿತು. ಇವಳು ಹೋಗಲಿಲ್ಲ. ತನ್ನ ಎಡಗೈಯನ್ನೇ ಕೇಳುತ್ತ ಬಾರಿಸಿದಳು. ಓಡಿದ ಚಪ್ಪಾಳೆ ತಡವರಿಸಿ, ಚದುರಿ, ಒಂದೊಂದೇ ತಿರುಗಿ ಅವಳ ಪೆಟ್ಟಿನ ಜೊತೆ ಬಂದು ಕೂಡಿತು.

ಹಾಡು ಮುಗಿದಾಗ ಅಖ್ತರಬಾನು ಹತ್ತಿರ ಬಂದು ಬಗ್ಗಿ ಮೆಲ್ಲಗೆ, “ಬಲಗೈ ಎಲ್ಲಿ ಹೋಗಿತ್ತ ನಿಂದು?” ಎಂದಳು.

“ಉಸಿರಾಡಾಕ ಹೋಗಿತ್ತ ಆಪಾ.”

ನಿರೂಪಣೆಯವಳು ಮುಂದಿನ ಕಾರ್ಯಕ್ರಮದ ಹೆಸರು ಹೇಳಲು ಬಂದಳು. ಫಿರ್ದೋಸ ಕೈಯೆತ್ತಿ, ಒಂದೀಟು ತಡೀರಿ, ಇನ್ನೊಂದು ಹಾಡೈತಿ ಎಂದಳು. ಕುಣಿಯಲು ವೇಷ ಹಾಕಿಕೊಂಡು ಪರದೆಯ ಪಕ್ಕ ನಿಂತಿದ್ದವರು ಗೊಣಗುತ್ತ ಅಲ್ಲೇ ಕೂತರು.