ಮೇಪಲ್ ಗಿಡಕ್ಕೆ ಪಟಿಕ

ನಮ್ಮ ಮನೆಯವರು ಗಡ್ಡ ಬಿಟ್ಟಾಗ ಬೀದಿಗೆಲ್ಲ ಅದೇ ಮಾತಾಯಿತು. ಬೇರೆ ಯಾರಾದರೂ ಬಿಟ್ಟಿದ್ದರೆ ಯಾರು ಕೇಳುತ್ತಿದ್ದರು? ಇವರು ಕ್ಷೌರಿಕರು. ಬೆಳಗಿನಿಂದ ಸಂಜೆಯವರೆಗೆ ಕಂಡವರ ಗಡ್ಡವನ್ನೆಲ್ಲ ಹೆರೆದು ನುಣುಪು ಮಾಡುವವರು ತಮ್ಮ ಮುಖದ ಮೇಲೆ ಮಾತ್ರ ಪೊದೆ ಬೆಳೆಸಿಕೊಂಡರೆ ಜನ ಸುಮ್ಮನಿರುತ್ತಾರೆಯೇ? "ಸೋಪು ಖರ್ಚಾಗುತ್ತೆ ಅಂತಲಾ?" ಎಂದು ಹಾಲು ಹಾಕುವವನೂ ಕೇಳಿಬಿಟ್ಟ. "ಚಳಿ ಅಲ್ವೇನಪ್ಪಾ, ಕೆನ್ನೆ ಬೆಚ್ಚಗಿರಲಿ ಅಂತ" ಎಂದು ಇವರು ನಕ್ಕು ತಪ್ಪಿಸಿಕೊಂಡರು. ನಾನೂ ನಂಬಿದೆ. ಮದುವೆಯಾದಂದಿನಿಂದ ಕಾಣದ ಗಡ್ಡ, ಅಲ್ಲಲ್ಲಿ ಬಿಳಿ ಬೆರೆತು ನೋಡಲು ಲಕ್ಷಣವಾಗಿಯೇ ಇತ್ತು. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿಯೂ ಇದ್ದೆ, ನನ್ನ ಬುದ್ಧಿಗಿಷ್ಟು.

ಅಂಗಡಿ ಮಾವನವರ ಕಾಲದ್ದು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಗುಡಿಸಿ ಗುಡಿಸಿ ಬಣ್ಣ ಹೋದ ನೆಲ. ಕಿಟಕಿಯ ಪಕ್ಕದ ಕುರ್ಚಿ ಇವರದು, ಒಳಗಿನದು ನನ್ನ ಮೈದುನನದು. ಮೈದುನ ಮಷೀನಿನ ಮನುಷ್ಯ. ಕಿವಿಗೆ ಹಾಡು ಸಿಕ್ಕಿಸಿಕೊಂಡು, ಝುಂಯ್ ಎಂದು ತಲೆಯ ಸುತ್ತ ಒಂದು ಸುತ್ತು ಹೊಡೆದರೆ ಅವನ ಕೆಲಸ ಮುಗಿಯಿತು. ಇವರು ಅವನಿಗೆ 'ಹುಲ್ಲು ಕೊಯ್ಯುವವನು' ಎಂದು ಹೆಸರಿಟ್ಟಿದ್ದರು, ಅದೂ ಗಿರಾಕಿಗಳ ಎದುರಿಗೇ. ಇವರದು ಕತ್ತಿ. ಚರ್ಮದ ಪಟ್ಟಿಗೆ ಎಳೆದು ಎಳೆದು ಮಸೆದ ತೆರೆದ ಕತ್ತಿ. "ಕೂದಲು ಯಾರು ಬೇಕಾದ್ರೂ ಕತ್ತರಿಸ್ತಾರೆ ಕಣೇ" ಎನ್ನುತ್ತಿದ್ದರು, "ಒಬ್ಬ ಮನುಷ್ಯ ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಕುತ್ತಿಗೆ ಕೊಡ್ತಾನಲ್ಲ, ಅದು ಕೆಲಸ."

ಓರೆಕೋರೆ ಎಂದರೆ ಇವರಿಗೆ ಮೈಯೆಲ್ಲ ಮುಳ್ಳು. ಕಿಟಕಿಯ ಪರದೆ ಒಂದು ಬೆರಳಿನಷ್ಟು ಇಳಿದಿದ್ದರೂ ಸರಿಮಾಡಿಯೇ ಊಟಕ್ಕೆ ಕೂರುವುದು. ಬೀದಿಯಲ್ಲಿ ಹೋಗುವವರ ಮುಖ ನೋಡುವುದಿಲ್ಲ, ಕಿವಿಯ ಹಿಂದೆ ನೋಡುತ್ತಾರೆ. "ಯಾರ ಹತ್ರ ಮಾಡಿಸ್ಕೊಂಡ್ರೋ ಪಾಪ" ಎಂದು ಮನೆಗೆ ಬರುವವರೆಗೂ ಹಲುಬುತ್ತಾರೆ. ಇಂಥವರ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಆದರೂ ಅವರ ಕೈ ನೋಡುತ್ತಾ ನಿಂತರೆ ನನಗೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಆ ಕೈ ಒಂದು ಸಂಜೆ ಊಟದ ಮೇಜಿನ ಮೇಲೆ ಸುಮ್ಮನೆ ಮಲಗಿತ್ತು. ಬಲಗೈ. ಹೆಬ್ಬೆರಳು ಮಾತ್ರ ಸುಮ್ಮನಿರಲಿಲ್ಲ. ಕಣ್ಣಿಗೆ ಕಾಣದ ಯಾವುದನ್ನೋ ಉಂಡೆ ಮಾಡುತ್ತಿರುವ ಹಾಗೆ ತೋರುಬೆರಳಿನ ಮೇಲೆ ತಾನಾಗಿಯೇ ಆಡುತ್ತಿತ್ತು. ಇವರು ಬೇರೆಲ್ಲೋ ನೋಡುತ್ತಿದ್ದರು.

"ಏನ್ರೀ ಅದು?"

"ಯಾವುದು?" ಎಂದು ಕೈಯನ್ನು ಜೇಬಿಗೆ ಹಾಕಿಕೊಂಡರು. ಊಟದ ನಡುವೆ ಜೇಬಿಗೆ ಕೈ ಹಾಕುವ ಗಂಡಸನ್ನು ನಾನು ಅಂದೇ ನೋಡಿದ್ದು.

ಬಿಡಲಿಲ್ಲ ನಾನು. ಕೊನೆಗೆ ಬಾಯಿಬಿಟ್ಟರು. ಚಳಿಗಾಲಕ್ಕೆ ಮೊದಲೇ ಶುರುವಾಗಿತ್ತಂತೆ. ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ. ಅದೇ ವಾರ ಗಡಿಯಾರ ರಿಪೇರಿ ಮಾಡುವ ಹಿರಿಯ ಗಿರಾಕಿಯೊಬ್ಬರ ಗಲ್ಲದ ಕೆಳಗೆ ಕತ್ತಿ ತಾಗಿ, ಹೊದಿಸಿದ ಬಿಳಿ ಬಟ್ಟೆಯ ಮೇಲೆ ರಕ್ತ ಬಿದ್ದಿತ್ತು. ಇವರ ಕೈಯಲ್ಲಿ ಅಂಥದ್ದು ಹಿಂದೆಂದೂ ಆಗಿದ್ದಿಲ್ಲ. "ಇನ್ನೊಂಚೂರು ಕೆಳಗೆ ಆಗಿದ್ರೆ" ಎಂದವರು ಮಾತು ಮುಗಿಸಲಿಲ್ಲ.

"ನಾಳೆನೇ ಡಾಕ್ಟರ್ ಹತ್ರ ಹೋಗೋಣ. ಅಲ್ಲೀವರೆಗೂ ಕತ್ತಿ ಮುಟ್ಬೇಡಿ" ಎಂದೆ.

"ಕತ್ತಿ ಮುಟ್ಟದೆ ನಾನೇನು ಮಾಡ್ಲಿ? ಹುಲ್ಲು ಕೊಯ್ಲಾ? ತಮ್ಮನ ಕಿವಿಗೆ ಇದು ಬಿದ್ರೆ ನನ್ನಾಣೆ."

ಆಣೆ ಹಾಕಿ ನನ್ನ ಬಾಯಿಗೆ ಬೀಗ ಜಡಿದರು. ಆಮೇಲೆ ದಿನವೂ ಕತ್ತಿ ಹಿಡಿದರು, ದಿನವೂ ನಾನು ಬೆಂದೆ.

ಆ ಹಿರಿಯರು ಒಂದು ಮಾತೂ ದೂರಲಿಲ್ಲ. ಕೆಲವು ದಿನಗಳ ಮೇಲೆ ನಮ್ಮ ಮನೆಗೇ ಬಂದರು, ಕೈಯಲ್ಲಿ ಒಂದು ಸಣ್ಣ ಕುಂಡ. ಕುಂಡದಲ್ಲಿ ಎಲೆಯೇ ಇಲ್ಲದ ಒಂದು ಕಡ್ಡಿ, ಅದಕ್ಕೆ ನಾಲ್ಕಾರು ಮರಿಕಡ್ಡಿ. ಮೇಪಲ್ ಗಿಡವಂತೆ. ಅವರ ಅಂಗಡಿಯ ಕಿಟಕಿಯಲ್ಲಿ ಗಡಿಯಾರಗಳ ನಡುವೆ ಅಂಥ ಬೋನ್ಸಾಯ್ ಮರಗಳು ಸಾಲಾಗಿ ಕೂತಿರುವುದನ್ನು ನಾನು ನೋಡಿದ್ದೆ, ಮೊಣಕೈಯುದ್ದದ ಮುದುಕ ಮರಗಳು.

"ನಿಮಗೆ ಕತ್ತರಿ ಹಿಡಿದು ಗೊತ್ತು, ಅರ್ಧ ಕಲಿತ ಹಾಗೇ" ಎಂದು ಇವರಿಗೆ ಹೇಳಿದರು. "ನನ್ನ ಕೈ ನಿಲ್ಲೋಕೆ ಕಲಿತದ್ದು ಇದರಿಂದಲೇ. ಆದ್ರೆ ಈಗ ಮುಟ್ಬೇಡಿ. ಚಳಿ ಬಿಡೋ ಹೊತ್ತು, ಒಳಗೆ ರಸ ಏರ್ತಾ ಇರುತ್ತೆ. ಎಲೆ ಬಿಟ್ಟು ಬಲೀಲಿ, ಆಮೇಲೆ ಕತ್ತರಿಸಿ. ಮೇಪಲ್‌ನಲ್ಲಿ ಎಲ್ಲಾ ಜೋಡಿ. ಎಲೆ ಬುಡದ ಮೊಗ್ಗೂ ಎದುರುಬದುರು ಎರಡೆರಡು. ಜೋಡಿ ಮೇಲೆ ಒಂಚೂರು ಕಡ್ಡಿ ಉಳಿಸಿ ಕತ್ತರಿಸ್ಬೇಕು. ಮೊಗ್ಗಿಗೆ ಗಾಯ ಆದ್ರೆ ಅಲ್ಲಿ ಮತ್ತೆ ಕೊಂಬೆ ಬರಲ್ಲ."

ಹೋಗುವಾಗ ಗಲ್ಲದ ಕೆಳಗೆ ಅಂಟಿಸಿದ ಪಟ್ಟಿಯನ್ನು ಸುಮ್ಮನೆ ಮುಟ್ಟಿಕೊಂಡರು. ಅವರಿಗೆ ಎಲ್ಲ ಗೊತ್ತಿದೆ ಎಂದು ನನಗೆ ಆಗಲೇ ಅನ್ನಿಸಿತು. ಇವರು ನೆಲ ನೋಡುತ್ತಿದ್ದರು.

ಬಾಗಿಲು ಹಾಕಿ ಬಂದವರೇ ನನಗೆ ಒಂದು ತೀರ್ಮಾನ ಹೇಳಿದರು. ಎಲೆ ಬರಲಿ. ಒಂದು ಮೊಗ್ಗಿಗೂ ಗಾಯವಾಗದಂತೆ ಇಡೀ ಗಿಡ ಕತ್ತರಿಸಿದರೆ ಕೈ ಸರಿಯಿದೆ ಎಂದರ್ಥ, ಕತ್ತಿ ಬಿಡುವುದಿಲ್ಲ. ಒಂದು ಮೊಗ್ಗು ಹೋದರೂ ಕತ್ತಿ ತಮ್ಮನಿಗೆ, ತಾವು ಡಾಕ್ಟರ ಹತ್ತಿರ.

"ಗಿಡ ಏನ್ರೀ, ಡಾಕ್ಟರಾ?" ಎಂದು ನಾನು ಸಿಡುಕಿದೆ.

"ಡಾಕ್ಟರ್ ಸುಳ್ಳು ಹೇಳ್ಬಹುದು, ಗಿಡ ಹೇಳಲ್ಲ."

ಇಷ್ಟು ದೊಡ್ಡ ಮಾತಾಡಿದವರು ಮಾರನೆಯ ಬೆಳಿಗ್ಗೆಯೇ ಅದಕ್ಕೆ ಕತ್ತರಿ ಹಾಕಿದರು. ಒಂದು ಕಡ್ಡಿ ಪಕ್ಕಕ್ಕೆ ಚಾಚಿಕೊಂಡಿತ್ತಂತೆ, ಕಣ್ಣಿಗೆ ಚುಚ್ಚುತ್ತಿತ್ತಂತೆ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಕತ್ತರಿಸಿದ ಜಾಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿದರೆ ಮತ್ತೆ, ಒರೆಸಿದರೆ ಮತ್ತೆ. ಇವರ ಮುಖ ಬಿಳಚಿಕೊಂಡಿತ್ತು. ಗಿರಾಕಿಯ ಕೆನ್ನೆಯ ಗಾಯಕ್ಕೆ ಉಜ್ಜುವ ಪಟಿಕದ ಬಿಲ್ಲೆಯನ್ನು ಒದ್ದೆ ಮಾಡಿ, ಆ ಕಡ್ಡಿಯ ತುದಿಗೆ ಒತ್ತಿ ಹಿಡಿದುಕೊಂಡು ಕೂತಿದ್ದರು.

"ಅಯ್ಯೋ ದೇವರೇ, ಗಿಡಕ್ಕೆ ಪಟಿಕಾನಾ?" ನನಗೆ ನಗು ತಡೆಯಲಾಗಲಿಲ್ಲ.

"ನಿಲ್ತಾ ಇಲ್ಲ ಕಣೇ" ಎಂದರು. ದನಿ ಕೇಳಿ ನನ್ನ ನಗು ಅಲ್ಲೇ ಸತ್ತಿತು. ಬಿಲ್ಲೆ ಹಿಡಿದ ಕೈ ನಡುಗುತ್ತಿತ್ತು, ಅದರ ಜೊತೆ ಇಡೀ ಗಿಡವೂ.

ಆ ಕಡ್ಡಿ ಒಣಗಿತು. ಉಳಿದದ್ದು ಬದುಕಿತು. ಮೊಗ್ಗು ಉಬ್ಬಿ, ಒಡೆದು, ಮಡಿಸಿಟ್ಟ ಕೆಂಪು ಕರವಸ್ತ್ರದಂತೆ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಬೇರೆ ವರ್ಷವಾಗಿದ್ದರೆ ನಾನು ಖುಷಿಪಡುತ್ತಿದ್ದೆ. ಈಗ ಪ್ರತಿ ಎಲೆಯೂ ಆ ದಿನವನ್ನು ಹತ್ತಿರ ತರುತ್ತಿತ್ತು. ಟೀ ಕೊಡುವ ನೆಪದಲ್ಲಿ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂರತೊಡಗಿದೆ. ಗಿರಾಕಿ ತಲೆ ಹಿಂದಕ್ಕೆ ಹಾಕಿದ ಕೂಡಲೇ ನಾನು ಬೆಂಚಿನ ಅಂಚು ಹಿಡಿದುಕೊಳ್ಳುತ್ತಿದ್ದೆ. "ಅತ್ತಿಗೆಗೆ ಈಗೀಗ ಅಣ್ಣನ ಮೇಲೆ ಪ್ರೀತಿ ಉಕ್ಕಿ ಹರೀತಿದೆ" ಎಂದು ಮೈದುನ ಕಿಚಾಯಿಸಿದ. ಅವನನ್ನು ಹಿಡಿದು ಅಲುಗಾಡಿಸಿ ಎಲ್ಲ ಹೇಳಿಬಿಡಬೇಕು ಎನಿಸುತ್ತಿತ್ತು. ಆಣೆ ನೆನಪಾಗಿ ಲೋಟ ಎತ್ತಿಕೊಂಡು ಬರುತ್ತಿದ್ದೆ.

ಎಲೆ ಬಲಿತ ಮೇಲೆ ಹಿರಿಯರು ಒಮ್ಮೆ ಬಂದು ಗಿಡ ತಿರುಗಿಸಿ ನೋಡಿದರು. ಬುಡದ ಹತ್ತಿರ ಒಂದೇ ಎತ್ತರದಲ್ಲಿ ಎರಡು ಕೊಂಬೆ ಎದುರುಬದುರು ಹೊರಟಿದ್ದವು. "ಇದರಲ್ಲಿ ಒಂದು ಹೋಗ್ಬೇಕು. ಎರಡೂ ಇದ್ರೆ ಆ ಜಾಗ ದಪ್ಪ ಆಗಿ ಕಾಂಡದ ರೂಪ ಕೆಡುತ್ತೆ."

"ಒಂದು ಕಿವಿ ತೆಗೆದ ಹಾಗಾಗಲ್ವಾ ಸಾರ್?" ಇವರಿಗೆ ನಿಜವಾಗಿಯೂ ಗಾಬರಿ.

"ಮರಕ್ಕೆ ಎರಡು ಕಡೆ ಸಮ ಇರ್ಬೇಕು ಅಂತೇನಿಲ್ಲ. ನಿಮ್ಮ ಕನ್ನಡೀನ ಸ್ವಲ್ಪ ಮರೀರಿ" ಎಂದು ಹಿರಿಯರು ನಕ್ಕರು.

ಅಂಗಡಿಗೆ ರಜೆಯ ದಿನ ಇವರು ಗಿಡವನ್ನು ಅಲ್ಲಿಗೇ ಒಯ್ದರು. ಮನೆಯಲ್ಲಿ ಬೆಳಕು ಸಾಲದು ಎಂದರು. ಕನ್ನಡಿಯ ಮುಂದಿನ ಹಲಗೆಯ ಮೇಲೆ ಕುಂಡ ಇಟ್ಟು, ಕೆಳಗೆ ಬಿಳಿ ಬಟ್ಟೆ ಹಾಸಿ, ಕತ್ತರಿಯನ್ನು ಕುದಿನೀರಲ್ಲಿ ತೊಳೆದು ಒರೆಸಿಕೊಂಡರು. ಹಿಂದಿನ ಕೋಣೆಯಲ್ಲಿ ಮೈದುನ ತನ್ನ ಮಷೀನುಗಳಿಗೆ ಎಣ್ಣೆ ಬಿಡುತ್ತಾ ಗುನುಗುತ್ತಿದ್ದ. ಅಣ್ಣನಿಗೆ ಗಿಡದ ಹುಚ್ಚು ಹಿಡಿದಿದೆ ಎಂದಷ್ಟೇ ಅವನಿಗೆ ಗೊತ್ತಿದ್ದದ್ದು.

ನಾನು ಬೆಂಚಿನ ಮೇಲೆ ಕೂತೆ. ಮೊದಲು ಆ ಜೋಡಿ ಕೊಂಬೆಯಲ್ಲಿ ಒಂದನ್ನು ತೆಗೆದರು. ತೆಗೆಯುವಾಗ ಕಣ್ಣು ಕಿರಿದು ಮಾಡಿಕೊಂಡರು, ತಮ್ಮ ಕಿವಿಗೇ ನೋವಾದಂತೆ. ಆಮೇಲೆ ಒಂದೊಂದೇ ಚಿಗುರು. ಮೊಣಕೈಯನ್ನು ಹಲಗೆಗೆ ಊರಿ, ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಕಾಯುತ್ತಿದ್ದರು. ನಡುಕ ಇಳಿದು ಕೈ ನಿಂತ ಗಳಿಗೆಗೆ ಟಿಕ್ ಎಂದು ಕತ್ತರಿಸುತ್ತಿದ್ದರು. ಮತ್ತೆ ಕಾಯುವುದು. ನಾನು ಎದ್ದು ಹೋಗಿ ಪ್ರತಿಯೊಂದನ್ನೂ ಬಗ್ಗಿ ನೋಡಿದೆ. ಜೋಡಿಗಳೆಲ್ಲ ಇದ್ದವು. ಒಂದು ಮೊಗ್ಗಿಗೂ ಗಾಯವಿರಲಿಲ್ಲ.

ಇವರು ಕತ್ತರಿ ಕೆಳಗಿಟ್ಟರು. ಬೆವರಿನಲ್ಲಿ ತೊಯ್ದಿದ್ದರು. "ನೋಡಿದ್ಯಾ?" ಎಂದು ಗಡ್ಡ ನೀವಿಕೊಳ್ಳುತ್ತಾ ನಕ್ಕರು. ಆ ನಗು ನೋಡಿ ಎಷ್ಟು ದಿನವಾಗಿತ್ತು. ನನಗೂ ಕಣ್ಣು ತುಂಬಿತು. ಸರಿ, ಮುಗಿಯಿತು, ಸುಮ್ಮನೆ ಹೆದರಿದ್ದೆವು ಎನ್ನಲು ಬಾಯಿ ತೆರೆದವಳು ಆ ಕೈಯನ್ನು ನೋಡಿದೆ, ಗಡ್ಡದ ಮೇಲಿದ್ದ ಕೈಯನ್ನು. ಹೊರಗೆ ಬಿಸಿಲು ಸುಡುತ್ತಿತ್ತು. ಚಳಿ ಹೋಗಿ ಎಷ್ಟೋ ಕಾಲವಾಗಿತ್ತು. ಆಗ ನನ್ನ ತಲೆಗೆ ಹೊಳೆಯಿತು, ಹೊಳೆದ ಕೂಡಲೇ ಮೈಗೆ ಬೆಂಕಿ ಬಿದ್ದಂತಾಯಿತು.

"ಕೈ ಸರಿಯಿದೆ ತಾನೇ? ಹಾಗಾದ್ರೆ ಆ ಗಡ್ಡ ತೆಗೀರಿ" ಎಂದೆ.

"ಈಗ್ಯಾಕೆ?"

"ಈಗಲೇ. ನನ್ನ ಮುಂದೆ. ಕತ್ತೀಲಿ."

ಇವರು ನನ್ನನ್ನು ನೋಡಿದರು. ತಮ್ಮದೇ ಕುರ್ಚಿಯಲ್ಲಿ ಕೂತು, ಕತ್ತರಿಯಲ್ಲಿ ಗಡ್ಡ ಗಿಡ್ಡ ಮಾಡಿ, ಬಟ್ಟಲಿನಲ್ಲಿ ನೊರೆ ಎಬ್ಬಿಸಿ ಬ್ರಷ್‌ನಿಂದ ಹಚ್ಚಿಕೊಂಡರು. ಕತ್ತಿ ಬಿಚ್ಚಿ ತಲೆ ಹಿಂದಕ್ಕೆ ಹಾಕಿದರು. ಇಲ್ಲಿ ಊರಲು ಹಲಗೆ ಇಲ್ಲ, ಎಡಗೈಯಲ್ಲಿ ಚರ್ಮ ಎಳೆದು ಹಿಡಿಯಬೇಕು, ಮಣಿಕಟ್ಟು ಹಿಡಿಯುವವರಿಲ್ಲ. ಅಲಗಿಗೆ ಬಿದ್ದ ಬಿಸಿಲು ಚಾವಣಿಯ ಮೇಲೆ ಕುಣಿಯುತ್ತಿತ್ತು. ಕತ್ತಿ ಗಂಟಲಿನವರೆಗೆ ಹೋಯಿತು, ಹಿಂದೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಕೆನ್ನೆಯ ಮೇಲೆ ನೊರೆ ಒಣಗತೊಡಗಿತು.

ಮೈದುನನಿಗೆ ಕೇಳಿಸಬಾರದೆಂದು ನಾನು ಪಿಸುಗುಟ್ಟಿದೆ, ಆದರೆ ಹಲ್ಲು ಕಚ್ಚಿಕೊಂಡೇ. "ನಿಮ್ಮ ಕುತ್ತಿಗೆ ಮೇಲೆ ಇಡೋಕೆ ಹೆದರಿಕೆ ಆಗಿ ಗಡ್ಡ ಬಿಟ್ರಿ. ಅದೇ ಕತ್ತೀನ ಇಷ್ಟು ದಿನ ಬೇರೆಯವರ ಕುತ್ತಿಗೆ ಮೇಲೆ ಇಟ್ರಲ್ಲ. ಗಿಡ ಕಾಯುತ್ತೆ ರೀ, ನಿಮ್ಮ ಕೈ ನಿಲ್ಲೋವರೆಗೂ. ಕಣ್ಣು ಮುಚ್ಚಿ ಕೂತವರಿಗೆ ಏನು ಗೊತ್ತು?"

ಅವರು ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡುತ್ತಾ ಕೂತರು, ಗಿಡದ ಪಕ್ಕ. ಅಷ್ಟು ಅನ್ನಬಾರದಿತ್ತೇನೋ ಎನಿಸಿತು, ಆದರೂ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಅವರು ಹಿಂದಿನ ಕೋಣೆಯ ಕಡೆ ತಿರುಗಿ ಕೂಗಿದರು. "ಲೋ, ಬಾ ಇಲ್ಲಿ. ಕೈ ತೊಳ್ಕೊಂಡು ಬಾ."

ಮೈದುನ ತೊಳೆದ ಕೈ ಒರೆಸಿಕೊಳ್ಳುತ್ತಾ ಬಂದ. ಅಣ್ಣ ಕತ್ತಿಯನ್ನು ಹಿಡಿಯ ಕಡೆಯಿಂದ ಚಾಚಿದಾಗ ತೆಗೆದುಕೊಳ್ಳಲೇ ಇಲ್ಲ. ಆ ಕತ್ತಿಯನ್ನು ಮುಟ್ಟಲು ಅವನಿಗೆ ಎಂದೂ ಬಿಟ್ಟವರಲ್ಲ. "ನನಗೆ ಬರಲ್ಲ ಅಣ್ಣ. ನಾನು ಹುಲ್ಲು ಕೊಯ್ಯೋನು" ಎಂದ, ತಮಾಷೆಗೇ.

"ಬರಲ್ಲ ಅಂತಲೇ ಕರ್ದಿದ್ದು. ನನ್ನ ಮೇಲೆ ಕಲಿ" ಎಂದು ಇವರು ಹೊಸದಾಗಿ ನೊರೆ ಹಚ್ಚಿಕೊಂಡು, ಬಿಳಿ ಬಟ್ಟೆಯನ್ನು ತಾವೇ ಹೊದ್ದುಕೊಂಡು, ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದರು. "ಚರ್ಮ ಎಳೆದು ಹಿಡಿ. ಒತ್ತಬೇಡ. ಕತ್ತಿ ತೂಕಕ್ಕೇ ಅದು ಹೋಗ್ಬೇಕು."

ಮೈದುನ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಲಿಲ್ಲ. ಅವನು ಹಾಡಿನ ತಂತಿಯನ್ನು ಕಿವಿಯಿಂದ ಕಿತ್ತು ಜೇಬಿಗೆ ತುರುಕಿ ಕತ್ತಿ ಹಿಡಿದ. ಕೆನ್ನೆಯ ಮೇಲೆ ಮೊದಲ ಗೆರೆ ಎಳೆದ. ಎರಡನೆಯದೂ ಸರಿಯಾಯಿತು. ದವಡೆಯ ತಿರುವಿನಲ್ಲಿ ತಪ್ಪಿತು, ನೊರೆ ಕೆಂಪಾಯಿತು. ಅವನು ಕತ್ತಿ ಎತ್ತಿ ಹಿಂದೆ ಸರಿದ. ಇವರು ಕಣ್ಣು ತೆರೆಯಲಿಲ್ಲ. "ಏನೂ ಆಗಿಲ್ಲ. ಪಟಿಕ ಎಡಗಡೆ ಡ್ರಾಯರಲ್ಲಿದೆ. ಹಚ್ಚಿ ಮುಂದುವರಿಸು" ಎಂದರು.

ಪಟಿಕ ತರಲು ಬಗ್ಗಿದಾಗ ಮೈದುನನಿಗೆ ಕಾಣಿಸಿತು. ಬಿಳಿ ಬಟ್ಟೆಯ ಕೆಳಗೆ ಅಣ್ಣನ ಬಲಗೈ ಆಡುತ್ತಿತ್ತು, ಬಟ್ಟೆಯೂ ಅದರ ಜೊತೆ ಅಲುಗುತ್ತಿತ್ತು. ಅವನು ಹಾಗೇ ನಿಂತ. ಗಾಯಕ್ಕೆ ಪಟಿಕ ಒತ್ತಿ ಹಿಡಿದು, ರಕ್ತ ನಿಂತ ಮೇಲೆ, ಕತ್ತಿ ಒರೆಸಿಕೊಂಡು ಕುತ್ತಿಗೆಯ ಕಡೆಗೆ ಬಂದ.