ಎದುರಾಳಿಯಿಲ್ಲದ ಶನಿವಾರ

ನೆಬ್ರಾಸ್ಕದ ಆ ಪುಟ್ಟ ಊರಿನ ಹೋಟೆಲಿನಲ್ಲಿ ಗುರುವಾರ ಬೆಳಿಗ್ಗೆ ಯಾರಿಗಾದರೂ ಉಪ್ಪು ಬೇಕಾದರೆ, ಒಂದು ಕಾಲಕ್ಕೆ ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆಯುತ್ತಿದ್ದ ಮುದುಕ ವೆಂಡೆಲ್‌ನ ಮೇಜಿಗೇ ಹೋಗಬೇಕು. ಶನಿವಾರ ಊರಿನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಎದುರು ಆಡುವವರು ಯಾರೇ ಇರಲಿ, ಅವರ ಜಾತಕವೆಲ್ಲ ಅವನ ಬಾಯಲ್ಲಿ. ಹೋಟೆಲಿನ ಉಪ್ಪು, ಮೆಣಸಿನ ಡಬ್ಬಿಗಳೆಲ್ಲ ಅವನ ಮೇಜಿನ ಮೇಲೆ ಆಟಗಾರರು. ಸಾಸ್ ಬಾಟಲಿ ಕೈಯಿಂದ ಚೆಂಡು ಎಸೆಯುವವನು. "ಇವನ ತೋಳು ಫಿರಂಗಿ ಕಣ್ರೋ! ಆದ್ರೆ ಇವನ ಎಡಗಡೆ ಕಾಯೋ ಈ ದಡಿಯ ಇದಾನಲ್ಲ, ತಿರುಗೋಷ್ಟರಲ್ಲಿ ಸಂಜೆಯಾಗತ್ತೆ. ಅಲ್ಲೇ ನುಗ್ಬೇಕು." ಪಕ್ಕದ ಮೇಜಿನವರು ಬಿಡುವವರಲ್ಲ, ಕೋಚ್ ಎಂದೇ ಕರೆದು ರೇಗಿಸುತ್ತಾರೆ: "ಹೋದ ವಾರಾನೂ ಹಿಂಗೇ ಅಂದ್ರಿ ಕೋಚ್, ಹಿಗ್ಗಾಮುಗ್ಗಾ ಬಾರಿಸಿ ಹೋದ್ರು ನಮ್ಮನ್ನ!" "ನಮ್ಮ ಹುಡುಗರು ನನ್ನ ಮಾತು ಕೇಳಿದ್ರೆ ತಾನೇ?" ಎಂದು ಅವನು ಗದರುತ್ತಾನೆ. ಆದರೆ ತಂಡಕ್ಕೆ ಆಟವಿಲ್ಲದ ವಾರ ಬಂತೆಂದರೆ ಆ ಮೇಜಿನ ಕಡೆ ಯಾರೂ ಸುಳಿಯುವುದಿಲ್ಲ. ಡಬ್ಬಿಗಳು ಗೋಡೆಗೆ ಒರಗಿ ನಿಂತಿರುತ್ತವೆ. ಈ ಗುರುವಾರ ಅಂಥದ್ದೇ. ಕಾಫಿ ಆರಿ ತಣ್ಣಗಾದ ಮೇಲೆ ಅವನು ಬಡಿಸುವ ಡೋರೀನ್‌ಳನ್ನು ಮೆಲ್ಲಗೆ ಕರೆದ. "ಶನಿವಾರ ಎಷ್ಟೊತ್ತಿನ ತನಕ ತೆಗ್ದಿರ್ತೀರಮ್ಮ?" "ಎರಡು ಗಂಟೆ ತನಕ," ಎಂದಳು ಅವಳು, ಹೊಸಬರಿಗೆ ಹೇಳುವ ಹಾಗೆ. ಬಾಗಿಲ ಗಾಜಿನ ಮೇಲೆ ಆ ವೇಳೆಯನ್ನು ಬಣ್ಣದಲ್ಲಿ ಬರೆದುಕೊಟ್ಟವನು ಅವನೇ.