ಗೋಡೆಯಿಂದ ಮೂರನೆಯದು

ನನ್ನ ಗಂಡನಿಗೆ ಹಳೆ ಕಟ್ಟಡ ಅಂದರೆ ಅಷ್ಟಕ್ಕಷ್ಟೆ. ಮದುವೆಯಾದ ಹೊಸತರಲ್ಲಿ ಮೈಸೂರು ಅರಮನೆಯನ್ನು ಕಾಲು ಗಂಟೆಯಲ್ಲಿ ತೋರಿಸಿ, "ಆಯ್ತಲ್ಲ, ಇನ್ನು ಊಟ ಮಾಡುವ" ಅಂದ ಪುಣ್ಯಾತ್ಮ. ಅಂಥವರು ಆ ಶನಿವಾರ ಬೆಳಿಗ್ಗೆ ಸೌದಿಯ ಹುಫೂಫ್ ಪೇಟೆಯ ಮಣ್ಣಿನ ಕೋಟೆಯ ಎದುರು ಕಾರು ನಿಲ್ಲಿಸಿ, "ಬಾ, ಒಮ್ಮೆ ನೋಡಿಕೊಂಡು ಹೋಗುವ" ಅಂದಾಗ ನಾನು ಅವರ ಮುಖವನ್ನೇ ನೋಡಿದೆ. "ನಾವು ಬಂದದ್ದು ಇದಕ್ಕಾ?" ಅಂತ ಕೇಳಿದೆ. "ಅದಕ್ಕೂ ಹೋಗುವ, ಎಂತ ಅವಸರ?" ಅಂದರು.

ಅವಸರ ಇತ್ತು. ಇಲ್ಲಿ ಇರಲಿಕ್ಕೆ ಕೊಡುವ ಪರವಾನಗಿ, ನಮ್ಮ ಇಕಾಮಾ, ಮುಗಿಸಿ ಎಕ್ಸಿಟ್ ಮುದ್ರೆ ಹೊಡೆದಾಗಿತ್ತು. ಗುರುವಾರದ ವಿಮಾನಕ್ಕೆ ಮಂಗಳೂರಿಗೆ ಹೋದರೆ ಮತ್ತೆ ಈ ದೇಶಕ್ಕೆ ಬರುವ ಮಾತಿಲ್ಲ. ಇರುವ ಐದು ದಿನದಲ್ಲಿ ನಾನು ಕೇಳಿದ್ದು ಒಂದೇ ಒಂದು. ನನ್ನ ಮಗಳು ಮಲಗಿರುವ ಜಾಗ ನನಗೆ ತೋರಿಸಿ ಅಂತ. ಅದಕ್ಕಾಗಿ ನಸುಕಿನ ಸುಬಹಿ ನಮಾಜು ಮುಗಿಸಿ ನಾವಿರುವ ಅಲ್ ಖರ್ಜಿನಿಂದ ಹೊರಟು, ಮೂರು ಗಂಟೆಗಿಂತ ಹೆಚ್ಚು ಹೊತ್ತು ಆ ಬೋಳು ರಸ್ತೆಯಲ್ಲಿ ಬಂದಿದ್ದೆವು.

ಒಂಬತ್ತು ವರ್ಷದ ಹಿಂದೆ ನಾವು ಇದೇ ಹುಫೂಫಿನಲ್ಲಿ ಇದ್ದೆವು. ಮಗಳು ಹುಟ್ಟಿದಳು, ನಾಲ್ಕು ದಿನ ಇದ್ದಳು. ನನ್ನ ಹೊಟ್ಟೆಯ ಹೊಲಿಗೆ ಹಸಿ ಇತ್ತು, ಏಳಲಿಕ್ಕೇ ಆಗುತ್ತಿರಲಿಲ್ಲ. ಎದ್ದಿದ್ದರೂ ಇಲ್ಲಿ ಹೆಂಗಸರನ್ನು ಖಬರ್‌ಸ್ತಾನದೊಳಗೆ ಬಿಡುವುದಿಲ್ಲ. ಇವರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಆಮೇಲೆ ಮೂರೇ ತಿಂಗಳಿಗೆ ಖರ್ಜಿನಲ್ಲಿ ಹಾಲಿನ ಕಂಪೆನಿಯ ಕೆಲಸ ಸಿಕ್ಕಿ ನಾವು ಊರು ಬಿಟ್ಟೆವು. ಕಂಪೆನಿ ಕೆಲಸದ ಮೇಲೆ ಇವರು ಆಗಾಗ ಈ ಕಡೆ ಬರುತ್ತಿದ್ದರು. ವಾಪಸು ಬಂದು ಚಪ್ಪಲಿ ಬಿಚ್ಚುವ ಮೊದಲೇ ನಾನು ಕೇಳುವುದು, "ಹೋದಿರಾ?"

"ಹೋದೆ."

"ಹೇಗುಂಟು?"

"ಹಾಗೇ ಉಂಟು. ಮಕ್ಕಳನ್ನು ಇಡುವ ಬದಿಯಲ್ಲಿ, ಗೋಡೆಯಿಂದ ಮೂರನೆಯದು. ಆಚೆ ತೋಟದ ಖರ್ಜೂರದ ಮರದ ನೆರಳು ಬೀಳ್ತದೆ."

ಒಂಬತ್ತು ವರ್ಷ ಇದೇ ಮಾತು. ನಮ್ಮ ಊರಿನಲ್ಲೂ ಹೆಂಗಸರು ಖಬರ್‌ಸ್ತಾನದ ಒಳಗೆ ಹೋಗುವುದಿಲ್ಲ, ಅದು ನನಗೆ ಹೊಸತಲ್ಲ. ಆದರೆ ನನ್ನ ಉಮ್ಮನ ತಲೆಯ ಬದಿಗೆ ನೆಟ್ಟ ಮೀಸಾನ್ ಕಲ್ಲು ರಸ್ತೆಗೆ ಕಾಣ್ತದೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ ಒಂದು ಫಾತಿಹಾ ಓದುತ್ತೇನೆ, ಮನಸ್ಸು ತಂಪಾಗ್ತದೆ. ಇಲ್ಲಿ ಹೆಸರು ಬರೆಯುವುದಿಲ್ಲ, ಗಿಡ ನೆಡುವುದಿಲ್ಲ, ಬರೀ ಒಂದು ಕಾಡುಕಲ್ಲು ಇಡ್ತಾರೆ. ಇರಲಿ. ಗೇಟಿನ ಹತ್ತಿರ ನಿಂತು, ಬೆರಳು ಮಾಡಿ "ಅಗೋ ಅಲ್ಲಿ" ಅಂತ ಇವರು ತೋರಿಸಿದರೆ ನನಗೆ ಅಷ್ಟು ಸಾಕಿತ್ತು.

ಇವರು ಕೋಟೆ ತೋರಿಸಿದರು. ಒಳಗೆ ದೊಡ್ಡ ಬಿಳಿ ಗುಮ್ಮಟದ ಮಸೀದಿ, ಮಾರುದ್ದ ದಪ್ಪದ ಮಣ್ಣಿನ ಗೋಡೆ. ಚೆಂದ ಇತ್ತು, ಇಲ್ಲ ಅನ್ನುವುದಿಲ್ಲ. ಇವರು ಗೋಡೆಯನ್ನು ತಟ್ಟಿ ನೋಡಿದ್ದೇನು, ಮಾಡಿಗೆ ಹಾಕಿದ ಮರ ಯಾವುದು ಅಂತ ಕಾವಲಿನವನನ್ನು ಕೇಳಿದ್ದೇನು! "ಎಂತ, ಕ್ರಯ ಮಾಡ್ಲಿಕ್ಕೆ ಉಂಟಾ?" ಅಂತ ಕೇಳಿದೆ. ನಗಲಿಲ್ಲ. ನನ್ನ ಮಾತಿಗೆ ನಗದವರಲ್ಲ ಅವರು.

ಅಲ್ಲಿಂದ ಹಳೆ ಸೂಖ್. ಕಮಾನುಗಳ ಕೆಳಗೆ ಸಾಲು ಸಾಲು ಅಂಗಡಿ. ಒಂದರಲ್ಲಿ ಮುದುಕರೊಬ್ಬರು ಚಾಪೆಯ ಮೇಲೆ ಕಾಲು ಚಾಚಿ ಕೂತು, ಇಲ್ಲಿಯ ದೊಡ್ಡವರು ಹೆಗಲಿಗೆ ಹಾಕಿಕೊಳ್ಳುವ ಬಿಶ್ತ್‌ಗೆ ಜರಿ ಹೊಲಿಯುತ್ತಿದ್ದರು. ಕಪ್ಪು ಬಟ್ಟೆ, ಅದರ ಅಂಚಿಗೆ ಚಿನ್ನದ ಬಣ್ಣದ ನೂಲು. ಹೊಲಿದಷ್ಟನ್ನು ಸಣ್ಣ ಸುತ್ತಿಗೆಯಲ್ಲಿ ಟಕಟಕ ಬಡಿದು ಚಪ್ಪಟೆ ಮಾಡುವುದು, ಮತ್ತೆ ಹೊಲಿಯುವುದು. ಸೂಜಿಗೆ ನೂಲು ಪೋಣಿಸುವಾಗ ಅವರು ನೋಡಲೇ ಇಲ್ಲ. ಕಣ್ಣು ಸರಿ ಕಾಣುವುದಿಲ್ಲವಂತೆ. ಇವರು ಅರಬ್ಬಿಯಲ್ಲಿ ಏನೋ ಕೇಳಿ, ಅವರು ಹೇಳಿದ್ದನ್ನು ನನಗೆ ಹೇಳಿದರು: "ಕಣ್ಣು ಮರೆತರೂ ಬೆರಳು ಮರೆಯುವುದಿಲ್ಲ ಅಂತೆ." ಹೇಳಿ ತಮ್ಮ ಕೈಯನ್ನೇ ನೋಡುತ್ತಾ ನಿಂತರು. ಆ ಹೊಲಿಗೆ ನೋಡುವುದರಲ್ಲಿ ನಾನೂ ಸ್ವಲ್ಪ ಹೊತ್ತು ಸಿಟ್ಟು ಮರೆತಿದ್ದೆ.

ಊಟಕ್ಕೆ ಕೂತರೆ ಇವರು ಒಂದೊಂದೇ ಅಗುಳು ತಿನ್ನುತ್ತಾರೆ. ಮನೆಯಲ್ಲಿ ಐದು ನಿಮಿಷಕ್ಕೆ ತಟ್ಟೆ ಖಾಲಿ ಮಾಡುವ ಗಿರಾಕಿ! ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತ ನನಗೆ ಆಗಲೇ ಹೊಳೆಯಬೇಕಿತ್ತು. ನಾನು ಎಣಿಸಿದ್ದೇ ಬೇರೆ. ಪಾಪ, ಮಗಳನ್ನು ಬಿಟ್ಟು ಹೋಗುವ ಸಂಕಟ, ಅದನ್ನು ದೂಡ್ತಾ ಇದ್ದಾರೆ ಅಂತ ತಿಳಿದುಕೊಂಡೆ.

ಮಧ್ಯಾಹ್ನದ ಮೇಲೆ ಗುಡ್ಡದ ಬುಡದಲ್ಲಿರುವ ಕುಂಬಾರರ ಕಡೆಗೆ ಕಾರು ತಿರುಗಿತು. ಅಲ್ಲಿ ಒಬ್ಬರು ಹೊಂಡದಲ್ಲಿ ಕೂತು ಕಾಲಿನಿಂದ ಚಕ್ರ ತಿರುಗಿಸಿ ಹೂಜಿ ಎತ್ತುತ್ತಿದ್ದರು. ಮಣ್ಣು ಎಲ್ಲಿಯದು, ಒಣಗಲಿಕ್ಕೆ ಎಷ್ಟು ದಿನ, ಸುಡುವುದು ಯಾವುದರಲ್ಲಿ ಅಂತ ಇವರ ಪ್ರಶ್ನೆ ಮುಗಿಯಲೇ ಇಲ್ಲ. ಕೈಗೆತ್ತಿಕೊಂಡ ಮಡಕೆ ಜಾರಿ ಬೀಳುವುದರಲ್ಲಿತ್ತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಕೆಳಗಿಡಿ ಅದನ್ನು" ಅಂತ ಗದರಿಸಿದೆ.

ನಾನು ಒಂದು ಸಣ್ಣ ಕೊಂಬುಚೆಂಬು ಆರಿಸಿದೆ, ಮಗಳ ಮೇಲೆ ನೀರು ಹಾಕಲಿಕ್ಕೆ. "ಬಾಟ್ಲಿ ಉಂಟಲ್ಲ ಕಾರಿನಲ್ಲಿ, ಅದು ಸಾಕು" ಅಂದರು. ನನಗೆ ಮೈಯೆಲ್ಲ ಉರಿಯಿತು. "ಅವಳಿಗೆ ನಾನು ಒಂದು ಅಂಗಿ ಹಾಕಿಲ್ಲ, ಒಂದು ಬಳೆ ತೊಡಿಸಿಲ್ಲ. ಇದೊಂದು ಕೊಡಲಿಕ್ಕೂ ನಿಮ್ಮ ಅಪ್ಪಣೆ ಬೇಕಾ?" ಅಂದೆ. ಇವರು ತಲೆ ತಗ್ಗಿಸಿ ಚೆಂಬನ್ನು ಕಾಗದದಲ್ಲಿ ಸುತ್ತಿಸಿ ತಂದರು. ತಂದು ಹೇಳಿದ್ದೇನು? "ಮೇಲೆ ಗುಹೆ ಉಂಟಂತೆ. ಒಳಗೆ ಏಸಿ ಹಾಕಿದ ಹಾಗೆ ತಂಪಂತೆ."

"ಗುಹೆ ನೋಡ್ಲಿಕ್ಕೆ ಬಂದದ್ದಲ್ಲ ನಾನು!" ಅಂತ ಎಲ್ಲರ ಎದುರು ಕಿರುಚಿದೆ. ಕುಂಬಾರರ ಕಾಲು ಚಕ್ರದ ಮೇಲೆ ನಿಂತಿತು. ಇವರು ಕಾರು ತೆಗೆದರು.

ಖಬರ್‌ಸ್ತಾನದ ಗೇಟಿಗೆ ಮುಟ್ಟುವಾಗ ಸಂಜೆಯ ಅಸರ್ ನಮಾಜು ಆಗಿತ್ತು, ಬಿಸಿಲು ಇನ್ನೂ ಚೆನ್ನಾಗಿತ್ತು. ಚೆಂಬಿಗೆ ನಾನೇ ನೀರು ತುಂಬಿಸಿ ಕೊಟ್ಟೆ. "ಹೋಗಿ, ಅಲ್ಲಿ ನಿಂತು ನನಗೆ ಕೈ ಮಾಡಿ" ಅಂದೆ. ಗೇಟಿನ ಸರಳು ಹಿಡಿದು ಹೊರಗೆ ನಿಂತೆ. ಒಳಗೆ ಬರೀ ಮಣ್ಣು. ಸಾಲು ಸಾಲು ತಗ್ಗು ದಿಬ್ಬ, ತಲೆಯ ಬದಿಗೊಂದು ಕಲ್ಲು, ಎಲ್ಲ ಒಂದೇ ಥರ. ಖರ್ಜೂರದ ಮರ ಹುಡುಕಿದೆ. ಗೋಡೆಯ ಆಚೆ ನಾಲ್ಕು ಮಾಳಿಗೆಯ ಹೊಸ ಕಟ್ಟಡ ಇತ್ತು, ಮರ ಇರಲಿಲ್ಲ.

ಇವರು ಎಡಕ್ಕೆ ಹೋದರು, ಸಣ್ಣ ಸಣ್ಣ ದಿಬ್ಬಗಳಿರುವ ಕಡೆಗೆ. ಗೋಡೆಯ ಹತ್ತಿರ ನಿಂತು ಬೆರಳಿನಲ್ಲಿ ಎಣಿಸಿದರು. ಮುಂದೆ ಹೋದರು, ನಿಂತರು, ವಾಪಸು ಬಂದರು. ಮತ್ತೆ ಎಣಿಸಿದರು. ಇನ್ನೊಂದು ಗೋಡೆಯ ಕಡೆಗೆ ಹೋದರು. ಆಮೇಲೆ ಒಂದು ದಿಬ್ಬದ ಮೇಲೆ ಒಂದು ಗುಟುಕು ನೀರು ಹಾಕಿದರು, ಪಕ್ಕದ್ದರ ಮೇಲೆ ಒಂದು ಗುಟುಕು, ಅದರಾಚೆಯದಕ್ಕೆ ಒಂದು ಗುಟುಕು. ನೀರು ಮುಗಿಯಿತು. ದಿಬ್ಬ ಮುಗಿಯಲಿಲ್ಲ. ಖಾಲಿ ಚೆಂಬನ್ನು ಬಗ್ಗಿಸಿ ಕೊಡಹುತ್ತಾ ಅವರು ಅಲ್ಲೇ ನಿಂತಿದ್ದರು. ನನಗೆ ಕೈ ಮಾಡಲಿಲ್ಲ. ಯಾ ಅಲ್ಲಾ!

ಹೊರಗೆ ಬಂದು "ಆಯ್ತು" ಅಂದರು.

"ಯಾವ ಗೋಡೆ?" ಅಂತ ಕೇಳಿದೆ.

"ಅದೇ, ಆ ಬದಿಯದ್ದು..." ಅಂತ ಶುರು ಮಾಡಿದವರು ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟರು. "ಗೊತ್ತಿಲ್ಲ ಮಾರಾಯ್ತಿ. ಮೊದಲನೇ ವರ್ಷ ಗೊತ್ತಿತ್ತು. ನಾನೇ ಒಂದು ಕಪ್ಪು ಕಲ್ಲು ಇಟ್ಟಿದ್ದೆ. ಮರುವರ್ಷ ಬಂದರೆ ಮಳೆ ಬಂದು ಎಲ್ಲ ಸಮ ಆಗಿತ್ತು. ಹೊಸತು ಸುಮಾರು ಸೇರಿತ್ತು. ಕಲ್ಲೂ ಇರಲಿಲ್ಲ."

"ಎಂಟು ವರ್ಷ ನನಗೆ ಸುಳ್ಳು ಹೇಳಿದಿರಿ."

"ನೀನು ಬಾಗಿಲಲ್ಲಿ ನಿಂತು ಕೇಳ್ತಿದ್ದೆಯಲ್ಲ. ನಿನ್ನ ಮುಖ ನೋಡಿ ಎಂತ ಹೇಳಲಿ ನಾನು? ಬರುವಾಗೆಲ್ಲ ಹುಡುಕ್ತಿದ್ದೆ. ಇವತ್ತಾದರೂ ಸಿಗಬಹುದು ಅಂತ..." ಅಂದವರು ಅಳಲಿಕ್ಕೆ ಶುರು ಮಾಡಿದರು. ಹದಿನೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಅತ್ತದ್ದನ್ನು ನಾನು ನೋಡಿರಲಿಲ್ಲ. ಮಗಳನ್ನು ಮಣ್ಣು ಮಾಡಿ ಬಂದ ದಿನವೂ ನನ್ನೆದುರು ಅಳಲಿಲ್ಲ.

ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ. ಅವರ ಎದೆಗೆ ಎರಡೂ ಕೈಯಲ್ಲಿ ಗುದ್ದಿದೆ. ಒಂಬತ್ತು ವರ್ಷ ನಾನು ಮಲಗುವ ಮೊದಲು ಕಣ್ಣು ಮುಚ್ಚಿ ಅವಳನ್ನು ಅವರು ಹೇಳಿದ ಜಾಗದಲ್ಲೇ ಮಲಗಿಸಿ, ಆ ನೆರಳನ್ನು ಅವಳ ಮೇಲೆ ಹೊದೆಸಿ, ಆಮೇಲೆ ನಿದ್ದೆ ಮಾಡಿದವಳು. ಅದನ್ನು ಇವರಿಗೆ ಒಂದು ದಿನವೂ ಹೇಳಿರಲಿಲ್ಲ. ಆವತ್ತು ಹೇಳಿದೆ. ಹೇಳಿ, "ಇನ್ನು ನಾನು ಅವಳನ್ನು ಎಲ್ಲಿ ಮಲಗಿಸಲಿ? ಹೇಳಿ, ಎಲ್ಲಿ ಮಲಗಿಸಲಿ?" ಅಂತ ಕೇಳಿದೆ.

"ನನ್ನನ್ನು ಕೇಳಬೇಡ" ಅಂದರು.

ಮತ್ತೆ ಯಾರನ್ನು ಕೇಳಲಿ? ಅವಳನ್ನು ಕೈಯಲ್ಲಿ ಹಿಡಿದು ಮಣ್ಣಿಗೆ ಇಳಿಸಿದವರು ಈ ಲೋಕದಲ್ಲಿ ಇವರೊಬ್ಬರೇ.